ಮಗಳಿಗೆ ನೀರು ಎರೆಯಲು ಕಲಿತದ್ದು

ಮಗಳು ಹುಟ್ಟಿ ಐದನೇ ದಿನ ಮನೆಗೆ ಒಂದು ದೊಡ್ಡ ಪಾರ್ಸೆಲ್ ಬಂತು. ತೀರ್ಥಹಳ್ಳಿ ಪೇಟೆಯಿಂದ ಅಪ್ಪ ಅದನ್ನು ಬೈಕಿನ ಹಿಂದೆ ಕಟ್ಟಿಕೊಂಡು ತಂದರು. ಬಿಚ್ಚಿದರೆ ತಿಳಿ ನೀಲಿ ಬಣ್ಣದ ಪ್ಲಾಸ್ಟಿಕ್ ಟಬ್. ಪಾಪು ತಲೆ ಇಡೋಕೆ ದಿಂಬಿನ ಹಾಗೆ ಒಂದು ಏರು. ನೀರು ಬಿಡೋಕೆ ಅಡಿಯಲ್ಲಿ ಒಂದು ಬಿರಡೆ. ಜೊತೆಗೆ ನೀರಿನ ಬಿಸಿ ತೋರಿಸುವ, ಬಾತುಕೋಳಿ ಆಕಾರದ ಥರ್ಮಾಮೀಟರ್. ಬೆಂಗಳೂರಿಂದ ನಾದಿನಿ ಪ್ರೀತಿಯಿಂದ ಕಳಿಸಿದ್ದು.

ಅದನ್ನು ನೋಡಿ ನನಗೆ ಸಮಾಧಾನವಾಯಿತು. ಬಾಣಂತನಕ್ಕೆ ತವರಿಗೆ ಬಂದಿದ್ದೆ. ಸಿಸೇರಿಯನ್ ಆಗಿತ್ತು. ಹೊಲಿಗೆ ಎಳೆಯುತ್ತಿತ್ತು, ನಿದ್ದೆ ಇರಲಿಲ್ಲ. 2 ಕೆ.ಜಿ. 800 ಗ್ರಾಂ ತೂಕದ ಜೀವವನ್ನು ನೀರಿಗೆ ಇಳಿಸೋದು ಹೇಗೆ ಅನ್ನುವುದೇ ದೊಡ್ಡ ಯೋಚನೆಯಾಗಿತ್ತು. ಟಬ್ ಬಂತಲ್ಲ, ಇನ್ನು ಕಷ್ಟ ಇಲ್ಲ ಅಂದುಕೊಂಡೆ.

ಆಸ್ಪತ್ರೆಯಲ್ಲಿ ಪಾಪುವಿಗೆ ಸ್ನಾನ ಮಾಡಿಸಿರಲಿಲ್ಲ. ಹುಟ್ಟಿದ ಮಗುವಿಗೆ ಕನಿಷ್ಠ 24 ಗಂಟೆ ಸ್ನಾನ ಬೇಡ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಹೊಟ್ಟೆಯೊಳಗಿನ ಬೆಚ್ಚಗಿನ ಜಾಗದಿಂದ ಹೊರಗೆ ಬಂದ ಕೂಸಿನ ಮೈ ಬೇಗ ತಣ್ಣಗಾಗಿಬಿಡುತ್ತದೆ. ಒದ್ದೆಯಾದರೆ ಇನ್ನೂ ಬೇಗ. ಮೈಮೇಲೆ ಬೆಣ್ಣೆ ಸವರಿದ ಹಾಗೆ ಇರುವ ಬಿಳಿ ಪದರ ಕೊಳೆ ಅಲ್ಲ, ಚರ್ಮವನ್ನು ಕಾಯುವಂಥದ್ದು. ಅದನ್ನು ಉಜ್ಜಿ ತೆಗೆಯಬಾರದು. ಮಕ್ಕಳ ಡಾಕ್ಟರಮ್ಮ ಇದನ್ನೆಲ್ಲ ನನಗೂ ಅಮ್ಮನಿಗೂ ಕೂರಿಸಿಕೊಂಡು ಹೇಳಿದ್ದರು. ಹೊಕ್ಕುಳ ಬಳ್ಳಿ ಒಣಗಿ ಬೀಳುವವರೆಗೆ ಮೈ ಒರೆಸಿದರೆ ಸಾಕು, ಬಳ್ಳಿಗೆ ಎಣ್ಣೆ, ಪುಡಿ, ಅರಿಶಿನ ಏನನ್ನೂ ಹಚ್ಚಬೇಡಿ, ಒಣಗಿದ ಹಾಗೆ ಇರಲಿ ಅಂದಿದ್ದರು.

ಒಂಬತ್ತನೇ ದಿನ ಬೆಳಿಗ್ಗೆ ಬಟ್ಟೆ ಬದಲಿಸುವಾಗ ಬಳ್ಳಿ ಬಿದ್ದಿತ್ತು. ಒಣ ಹುಣಸೆ ನಾರಿನ ಹಾಗೆ ಕಪ್ಪಗೆ, ಗಟ್ಟಿಯಾಗಿ. ಎರಡು ದಿನ ಬಿಟ್ಟು, ಹೊಕ್ಕುಳು ಪೂರ್ತಿ ಒಣಗಿದ ಮೇಲೆ, ಟಬ್ ತೆಗೆದೆವು.

ನಮ್ಮ ಬಚ್ಚಲಲ್ಲಿ ತಾಮ್ರದ ಹಂಡೆ ಒಲೆಯ ಮೇಲೇ ಕೂತಿದೆ. ಕುತ್ತಿಗೆವರೆಗೂ ಮಣ್ಣು ಮೆತ್ತಿ ಕಟ್ಟಿದ್ದು. ಅಡಿಕೆ ಸಿಪ್ಪೆ ತುಂಬಿ ಬೆಂಕಿ ಕೊಟ್ಟರೆ ಒಂದು ಗಂಟೆಯಲ್ಲಿ ನೀರು ಕುದಿಯುತ್ತದೆ. ಬೆಂಕಿ ಆರಿದ ಮೇಲೂ ಕೆಂಡ, ಬೂದಿಯ ಕಾವಿಗೆ ನೀರು ತಾಸುಗಟ್ಟಲೆ ಬಿಸಿ ಇರುತ್ತದೆ. ಅಲ್ಲೇ ಒಂದು ಬೆಂಚಿನ ಮೇಲೆ ಟಬ್ ಇಟ್ಟೆವು. ನಾಲ್ಕು ಬೆರಳು ನೀರು. ಅಮ್ಮ ಪಾಪುವಿನ ಮೈಗೆ ತೆಂಗಿನೆಣ್ಣೆ ಸವರಿದ್ದರು. ಎಡಗೈಯಲ್ಲಿ ಅವಳ ಕುತ್ತಿಗೆ ಹಿಡಿದು ನಾನು ಬಗ್ಗಿದೆ. ಹೊಲಿಗೆ ಚುರ್ ಅಂತು. ಒಂದು ಕ್ಷಣ ಮೈ ನೆಟ್ಟಗೆ ಮಾಡಿದೆ. ಅಷ್ಟರಲ್ಲಿ ಎಣ್ಣೆ ಮೈ ಕೈಯಿಂದ ಜಾರಿತು.

ಜಾಸ್ತಿ ಏನಲ್ಲ, ಒಂದು ಗೇಣು. ಆದರೆ ಬಾಯಿ, ಮೂಗು ನೀರು ಮುಟ್ಟಿತು. ಅಮ್ಮ ಆ ಕಡೆಯಿಂದ ಎತ್ತಿಕೊಂಡರು. ಪಾಪು ಒಂದು ಸಲ ಕೆಮ್ಮಿ, ಆಮೇಲೆ ಜೋರಾಗಿ ಅತ್ತಳು. ಆ ಅಳು ಕೇಳಿದ ಮೇಲೆ ನನಗೆ ಉಸಿರು ಬಂತು. ಅವಳಿಗೆ ಏನೂ ಆಗಿರಲಿಲ್ಲ. ನನ್ನ ಕೈ ಮಾತ್ರ ಸಂಜೆವರೆಗೂ ನಡುಗುತ್ತಿತ್ತು.

ಈಗ ಯೋಚಿಸಿದರೆ ಟಬ್‌ನಲ್ಲಿ ದೋಷ ಇರಲಿಲ್ಲ. ಎಣ್ಣೆ ಹಚ್ಚಿದ ಕೂಸಿಗೂ ಟಬ್‌ಗೂ ಆಗಿಬರುವುದಿಲ್ಲ, ಅಷ್ಟೆ. ಟಬ್ ಬಳಸುವವರು ಎಣ್ಣೆಯನ್ನು ಸ್ನಾನ ಆದ ಮೇಲೆ ಹಚ್ಚಬೇಕು. ಅದು ನಮಗೆ ಹೊಳೆದಿರಲಿಲ್ಲ. ಇನ್ನೊಂದು ವಿಷಯ. ಟಬ್‌ನಲ್ಲಿ ಒಂದು ಕೈ ಪೂರ್ತಿ ಮಗುವನ್ನು ಹಿಡಿಯುವುದಕ್ಕೇ ಹೋಗುತ್ತದೆ. ತೊಳೆಯಲು ಉಳಿಯೋದು ಒಂದೇ ಕೈ. ಹೊಸ ತಾಯಿಗೆ, ಅದರಲ್ಲೂ ಹೊಟ್ಟೆ ಕೊಯ್ಸಿಕೊಂಡವಳಿಗೆ, ಅದು ಕಷ್ಟ.

ಆ ರಾತ್ರಿ ಅಮ್ಮ ಹೊಳೆಯಾಚೆಯ ಅಜ್ಜಿಗೆ ಫೋನ್ ಮಾಡಿದರು.

ನನಗೆ ಎರೆದವರೂ ಅವರೇ, 31 ವರ್ಷದ ಹಿಂದೆ. ನಮ್ಮ ಸುತ್ತಿನ ನಾಲ್ಕು ಊರಿನಲ್ಲಿ ಅವರ ಕಾಲ ಮೇಲೆ ಮಲಗದ ಮಕ್ಕಳು ಕಡಿಮೆ. ಆದರೆ ನಾಲ್ಕೈದು ವರ್ಷದಿಂದ ಬಿಟ್ಟುಬಿಟ್ಟಿದ್ದರು. ಮಂಡಿ ನೋವು ಒಂದು ಕಾರಣ. ಕರೆಯುವವರೇ ಇಲ್ಲದ್ದು ಇನ್ನೊಂದು. ಹೆರಿಗೆ ಶಿವಮೊಗ್ಗದಲ್ಲಿ, ಮಣಿಪಾಲದಲ್ಲಿ ಆಗುತ್ತದೆ. ಬಾಣಂತನ ಬೆಂಗಳೂರಿನ ಫ್ಲಾಟಿನಲ್ಲಿ. ಊರಲ್ಲಿ ಎಳೆ ಕೂಸುಗಳೇ ಇಲ್ಲ. ಅದಕ್ಕೇ ಅಮ್ಮ ಮೊದಲು ಕೇಳಲು ಹಿಂಜರಿದಿದ್ದರು.

ಮರುದಿನ ಹತ್ತು ಗಂಟೆಗೆ ಅಜ್ಜಿ ಸಂಕ ದಾಟಿ, ತೋಟದ ದಾರಿಯಲ್ಲಿ ಕೋಲು ಊರಿಕೊಂಡು ಬಂದರು. ಒಳಗೆ ಬಂದು ಪಾಪುವನ್ನು ಕೇಳಲಿಲ್ಲ. ನೇರ ಬಚ್ಚಲಿಗೆ ಹೋಗಿ ಒಲೆ ನೋಡಿದರು. ಕಿಟಕಿಗೆ ಹಳೇ ಗೋಣಿ ಕಟ್ಟಿಸಿದರು. ಆಮೇಲೆ ಜಗಲಿಯಲ್ಲಿ ಕೂತು ಬಳೆ ತೆಗೆದು ಸೆರಗಿಗೆ ಗಂಟು ಹಾಕಿಕೊಂಡರು. ಉಗುರು ನೋಡಿಕೊಂಡರು. ಬಿಸಿನೀರಲ್ಲಿ ಸೋಪು ಹಾಕಿ ಮೊಣಕೈವರೆಗೂ ತೊಳೆದರು. ಕೈ ಬೆಚ್ಚಗಾಗುವವರೆಗೂ ಉಜ್ಜಿಕೊಂಡರು.

ನಾನು ಟಬ್ ತೋರಿಸಿ ಹಿಂದಿನ ದಿನದ ಕತೆ ಹೇಳಿದೆ. ಅವರು ಟಬ್ಬನ್ನು ಒಮ್ಮೆ ಸವರಿ, "ಇದು ಕೂಸು ಕೂತ್ಕಳೋ ಹಾಂಗೆ ಆದ ಮೇಲೆ ಬೇಕಾಗ್ತದೆ, ಒಳಗಿಡು" ಅಂದರು. "ಈಗ ಸ್ನಾನ ಮಾಡ್ಸದಲ್ಲ ಮಾರಾಯ್ತಿ, ಎರೆಯದು."

ಆ ಮಾತು ನನ್ನ ತಲೆಯಲ್ಲಿ ಉಳಿಯಿತು. ಸ್ನಾನ ನಾವೇ ಮಾಡಿಕೊಳ್ಳಬಹುದು. ಎರೆಯುವುದಕ್ಕೆ ಇನ್ನೊಬ್ಬರು ಬೇಕು. ನಮ್ಮ ಕಡೆ ದೋಸೆ ಎರೆಯುತ್ತೇವೆ, ಗಿಡಕ್ಕೆ ನೀರೆರೆಯುತ್ತೇವೆ. ಮದುವೆಯಲ್ಲಿ ಮಗಳನ್ನು ಧಾರೆ ಎರೆದು ಕೊಡುತ್ತಾರೆ. ಎಲ್ಲದರಲ್ಲೂ ಒಂದು ಕೈ ಮೇಲಿರುತ್ತದೆ, ಅದರ ಕೆಳಗೆ ಪಡೆಯುವ ಒಂದು ಜೀವ ಇರುತ್ತದೆ. ಹಬ್ಬದ ದಿನ ಒಬ್ಬರೇ ಇದ್ದರೂ "ತಲೆಗೆ ಎರ್ಕೊಂಡೆ" ಅನ್ನುತ್ತೇವೆ, ಅಲ್ವಾ? ಪಾಪುವಿಗೆ ಆಗಬೇಕಿದ್ದದ್ದು ಇದು ಅಂತ ಆ ಹೊತ್ತಿಗೆ ನನಗೆ ಅರ್ಥವಾಯಿತು.

ಆದರೆ ಶುರು ಮಾಡುವ ಮೊದಲು ನಾನು ಹೇಳಲೇಬೇಕಾದ ಮಾತುಗಳಿದ್ದವು. ಡಾಕ್ಟರಮ್ಮ ಬರೆಸಿದ್ದ ಚೀಟಿ ತಂದೆ. ಎಪ್ಪತ್ತೈದು ದಾಟಿದ, ನನಗೇ ಎರೆದ ಹಿರಿಯರಿಗೆ ಹೀಗೆ ಮಾಡಬೇಡಿ ಅನ್ನೋದು ಸುಲಭ ಅಲ್ಲ. ಗಂಟಲು ಕಟ್ಟಿತು. ಆದರೂ ಓದಿದೆ. ಮೂಗಿಗೆ, ಕಿವಿಗೆ ಎಣ್ಣೆ ಬಿಡಬಾರದು. ಮೂಗಿನೊಳಗೆ ಊದಬಾರದು. ಎಳೆ ಮಗುವಿನ ಎದೆ ಊದಿಕೊಂಡಿದ್ದರೆ ಹಿಂಡಬಾರದು. ತಲೆ ದುಂಡಗಾಗಲಿ, ಮೂಗು ನೆಟ್ಟಗಾಗಲಿ ಅಂತ ಒತ್ತಬಾರದು. ಹೊಗೆ ಹಾಕಬಾರದು. ಕಣ್ಣಿಗೆ ಕಾಡಿಗೆ ಹಚ್ಚಬಾರದು.

ಅಜ್ಜಿ ಪೂರ್ತಿ ಕೇಳಿದರು. ಆಮೇಲೆ ಒಂದೊಂದಾಗಿ ಕೇಳಿದರು, ಯಾಕೆ ಅಂತ. ನನಗೆ ತಿಳಿದಷ್ಟು ಹೇಳಿದೆ. ಮೂಗಿಗೆ ಬಿಟ್ಟ ಎಣ್ಣೆ ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ ಆಗಬಹುದು. ತಾಯಿಯ ಮೈಯಿಂದ ಬಂದ ಹಾರ್ಮೋನಿನಿಂದ ಕೂಸಿನ ಎದೆ ಊದಿರುತ್ತದೆ, ಗಂಡು ಮಗುವಿಗೂ ಹಾಗೆ ಆಗುತ್ತದೆ, ಕೆಲವು ವಾರದಲ್ಲಿ ತಾನೇ ಇಳಿಯುತ್ತದೆ. ಹಿಂಡಿದರೆ ಕೀವು ಆಗಬಹುದು. ತಲೆಯ ಮೂಳೆ ಇನ್ನೂ ಕೂಡಿರುವುದಿಲ್ಲ, ಹೆರಿಗೆಯಲ್ಲಿ ಉದ್ದ ಆದ ತಲೆ ಹೆಚ್ಚಾಗಿ ತಾನೇ ಸರಿಹೋಗುತ್ತದೆ.

ಮೂಗಿನ ಎಣ್ಣೆಯ ಮಾತು ಬಂದಾಗ ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಹಿಂದೆ ಒಂದು ಮನೆಯಲ್ಲಿ ಹಾಗೆ ಎಣ್ಣೆ ಬಿಟ್ಟ ಕೂಸಿಗೆ ಕೆಮ್ಮು ಹತ್ತಿ, ತಿಂಗಳುಗಟ್ಟಲೆ ಬಿಡದೆ, ದೊಡ್ಡ ಆಸ್ಪತ್ರೆಗೆ ಹಾಕಬೇಕಾಯಿತಂತೆ. "ಆಗ ಯಾರೂ ಇದ್ರಿಂದ ಹಂಗಾತು ಅಂತ ಹೇಳ್ಲಿಲ್ಲ. ಹೇಳಿದ್ರೆ ನಾ ಅವತ್ತೇ ಬಿಡ್ತಿದ್ದೆ" ಅಂದರು. ಅವರ ಕಣ್ಣು ತುಂಬಿತ್ತು. ಹಳೇ ಕಾಲದವರು ಹೇಳಿದರೆ ಕೇಳಲ್ಲ ಅಂತ ನಾವು ಮೊದಲೇ ತೀರ್ಮಾನ ಮಾಡಿಬಿಡುತ್ತೇವೆ. ಕಾರಣ ಹೇಳಿ ಕೇಳಿಕೊಂಡರೆ ಎಷ್ಟೋ ಜನ ಕೇಳುತ್ತಾರೆ. ನನಗೆ ಆ ದಿನ ಇದು ಖಂಡಿತ ಆಯಿತು.

ಹೊಗೆಯ ವಿಷಯದಲ್ಲಿ ಮಾತ್ರ ಒಂದು ಒಪ್ಪಂದ ಆಯಿತು. ಕೆಂಡಕ್ಕೆ ಸಾಂಬ್ರಾಣಿ ಹಾಕಿ ಪಾಪುವಿನ ಬಟ್ಟೆಗೆ ಮಾತ್ರ ಅಂಗಳದಲ್ಲಿ ಕಾವು ತೋರಿಸೋದು. ಪಾಪು ಒಳಕೋಣೆಯಲ್ಲಿ ಇರೋದು. ಬಟ್ಟೆ ಕೊಡವಿ ಗಾಳಿಗೆ ಹಿಡಿದು ಆಮೇಲೆ ತರೋದು. ಕಾಡಿಗೆ ಅಂಗಾಲಿಗೆ ಒಂದು ಬೊಟ್ಟು. ಅಮ್ಮನಿಗೂ ಅಜ್ಜಿಗೂ ಅದರಿಂದ ಮನಸ್ಸು ತಣ್ಣಗಾಯಿತು.

ಈಗ ಎರೆಯುವ ರೀತಿ ಹೇಳುತ್ತೇನೆ. ನಾನು ಇದನ್ನು ದಿನಾ ಬಾಗಿಲ ಹತ್ತಿರ ಕುರ್ಚಿ ಹಾಕಿಕೊಂಡು ಒಂದು ತಿಂಗಳು ನೋಡಿದ್ದೇನೆ.

ಮೊದಲು ಎಣ್ಣೆ. ನಡುಮನೆಯಲ್ಲಿ ಬಿಸಿಲು ಬೀಳುವ ಜಾಗದಲ್ಲಿ ಚಾಪೆ, ಅದರ ಮೇಲೆ ಹಳೇ ಹತ್ತಿ ಸೀರೆ. ತೆಂಗಿನೆಣ್ಣೆ ಉಗುರು ಬೆಚ್ಚಗೆ. ಎದೆಯಿಂದ ಭುಜಕ್ಕೆ, ಭುಜದಿಂದ ಬೆರಳ ತುದಿಗೆ. ಹೊಟ್ಟೆಯ ಮೇಲೆ ಮೆಲ್ಲಗೆ ಸುತ್ತು. ತೊಡೆಯಿಂದ ಪಾದಕ್ಕೆ. ಅಜ್ಜಿ ಒತ್ತುತ್ತಲೇ ಇರಲಿಲ್ಲ. ದೋಸೆ ಹಿಟ್ಟು ಹರಡುವಾಗ ಸೌಟು ಕಾವಲಿ ಮುಟ್ಟಿಯೂ ಮುಟ್ಟದ ಹಾಗೆ ಹೋಗುತ್ತದಲ್ಲ, ಹಾಗೆ. ನೆತ್ತಿಯ ಮೇಲೆ ಅಂಗೈಯಲ್ಲಿ ಎಣ್ಣೆ ಇಡುತ್ತಿದ್ದರು, ಬೆರಳು ಊರುತ್ತಿರಲಿಲ್ಲ. ಅಲ್ಲಿ ಇನ್ನೂ ಮೂಳೆ ಕೂಡಿರುವುದಿಲ್ಲ, ಮಿಡಿಯೋದು ಕಣ್ಣಿಗೇ ಕಾಣುತ್ತದೆ. ಅದು ಮುಚ್ಚಲು ಒಂದೂವರೆ ವರ್ಷದವರೆಗೂ ಬೇಕಾಗಬಹುದು. ಪಾಪು ಮುಖ ಕಿವುಚಿದರೆ ಕೈ ನಿಲ್ಲುತ್ತಿತ್ತು. ಮೆದುವಾಗಿ ಮೈ ತಿಕ್ಕೋದು ಆರೋಗ್ಯವಾಗಿರುವ, ತಿಂಗಳು ತುಂಬಿ ಹುಟ್ಟಿದ ಮಕ್ಕಳಿಗೆ ಒಳ್ಳೆಯದೇ ಅಂತ ಡಾಕ್ಟರಮ್ಮನೂ ಹೇಳಿದ್ದರು. ಬೇಡ ಅಂದದ್ದು ಜೋರಾಗಿ ತಿಕ್ಕೋದು, ಎಳೆಯೋದು, ತಿರುಚೋದು.

ಆಮೇಲೆ ಬಚ್ಚಲು. ಅಜ್ಜಿ ಗೋಡೆಗೆ ಬೆನ್ನು ಕೊಟ್ಟು ಗಿಡ್ಡ ಮಣೆಯ ಮೇಲೆ ಕೂತು, ಸೀರೆ ಮಂಡಿಗೆ ಸಿಕ್ಕಿಸಿ, ಎರಡೂ ಕಾಲು ಜೋಡಿಸಿ ಮುಂದಕ್ಕೆ ಚಾಚುತ್ತಿದ್ದರು. ಅಮ್ಮ ಪಾಪುವನ್ನು ಆ ಕಾಲಿನ ಮೇಲೆ ಅಂಗಾತ ಮಲಗಿಸುತ್ತಿದ್ದರು. ತಲೆ ಅಜ್ಜಿಯ ಪಾದದ ಕಡೆ, ಕಾಲು ಅವರ ಹೊಟ್ಟೆಯ ಕಡೆ. ಎರಡು ಕಾಲಿನ ನಡುವಿನ ಹಳ್ಳದಲ್ಲಿ ಬೆನ್ನು ಸರಿಯಾಗಿ ಕೂತುಕೊಳ್ಳುತ್ತದೆ. ಚರ್ಮಕ್ಕೆ ಚರ್ಮ ತಾಗಿದ್ದರಿಂದ ಜಾರುವುದಿಲ್ಲ, ಕಾಲಿನ ಕಾವಿಗೆ ಕೂಸು ಬೆಚ್ಚಗಿರುತ್ತದೆ. ಎರಡೂ ಕೈ ತೊಳೆಯುವುದಕ್ಕೆ ಸಿಗುತ್ತದೆ. ಟಬ್‌ನಲ್ಲಿ ನನಗೆ ಸಿಗದೇ ಇದ್ದದ್ದು ಅದೇ.

ನೀರಿನ ಹದಕ್ಕೆ ಅಜ್ಜಿ ಮೊಣಕೈ ಅದ್ದುತ್ತಿದ್ದರು. ಬೆರಳು ಒಲೆ, ಬಿಸಿ ಪಾತ್ರೆ ಹಿಡಿದು ಒರಟಾಗಿರುತ್ತದೆ, ಮೊಣಕೈ ಹಾಗಲ್ಲ. ನಾನು ಬಾತುಕೋಳಿ ಥರ್ಮಾಮೀಟರನ್ನು ಅದೇ ಬಕೆಟ್‌ಗೆ ಹಾಕಿ ನೋಡಿದೆ. 38 ಡಿಗ್ರಿ. ಮರುದಿನ 37. ಮೂರನೇ ದಿನ ಮತ್ತೆ 38. ಮಗುವಿನ ನೀರು 37ರಿಂದ 38 ಡಿಗ್ರಿ ಇರಬೇಕು ಅಂತ ಚೀಟಿಯಲ್ಲೂ ಬರೆದಿತ್ತು. ನಾಲ್ಕನೇ ದಿನದಿಂದ ನಾನು ಅಳೆಯಲಿಲ್ಲ.

ನೀರು ಹೊಯ್ಯುವುದು ಅಮ್ಮ. ಇದು ಇಬ್ಬರ ಕೆಲಸ, ಒಬ್ಬರಿಂದ ಆಗುವುದಿಲ್ಲ. ಚೊಂಬಿನಿಂದ ಸಣ್ಣ ಧಾರೆ, ಮೊದಲು ಪಾದಕ್ಕೆ. ಕೂಸಿಗೆ ನೀರು ಬಂತು ಅಂತ ಗೊತ್ತಾಗಲಿ ಅಂತ. ಆಮೇಲೆ ಹೊಟ್ಟೆ, ಎದೆ. ಕುತ್ತಿಗೆಯ ಮಡಿಕೆ, ಕಂಕುಳು, ತೊಡೆ ಸಂದಿ, ಕಿವಿಯ ಹಿಂದೆ. ಅಜ್ಜಿಯ ಬೆರಳು ಒಂದು ಮಡಿಕೆಯನ್ನೂ ಬಿಡುತ್ತಿರಲಿಲ್ಲ. ಕುತ್ತಿಗೆಯ ಮಡಿಕೆಯಲ್ಲಿ ಹಾಲು ಇಳಿದು ಹುಳಿಯಾಗಿ ಕೆಂಪಾಗುತ್ತದೆ. ನಾನು ಹನ್ನೊಂದು ದಿನ ಅದನ್ನು ನೋಡಿಯೇ ಇರಲಿಲ್ಲ. ಹೆಸರುಹಿಟ್ಟು ಅಜ್ಜಿಯ ಕಾಲದ ರೂಢಿ. ಆದರೆ ಎಳೆ ಚರ್ಮದ ಮಡಿಕೆಯಲ್ಲಿ ಹಿಟ್ಟು ಉಳಿದರೆ ಕೆರೆತ ಬರುತ್ತದೆ ಅಂತ ಬರೀ ನೀರು, ವಾರಕ್ಕೆ ಎರಡು ಸಲ ಸ್ವಲ್ಪ ಮಕ್ಕಳ ಸೋಪು ಅಂತ ಮಾಡಿಕೊಂಡೆವು.

ತಲೆಗೆ ನೀರು ಕೊನೆಯಲ್ಲಿ. ನನಗೆ ತುಂಬ ಹೆದರಿಕೆ ಇದ್ದದ್ದು ಇದಕ್ಕೇ. ಅಜ್ಜಿ ಎಡ ಅಂಗೈಯನ್ನು ಪಾಪುವಿನ ಹುಬ್ಬಿನ ಮೇಲೆ ಅಡ್ಡ ಇಡುತ್ತಿದ್ದರು. ಕಿರುಬೆರಳು ಹಣೆಗೆ ಒತ್ತಿ, ಉಳಿದ ಬೆರಳು ಸ್ವಲ್ಪ ಮೇಲೆ ಎತ್ತಿ. ಮನೆಯ ಸೂರಿನ ಹಾಗೆ. ಅಮ್ಮ ಹೊಯ್ದ ನೀರು ಆ ಸೂರಿಗೆ ತಾಗಿ ಎರಡು ಪಕ್ಕಕ್ಕೆ ಇಳಿದು ಹೋಗುತ್ತಿತ್ತು. ಮೂಗಿನ ಮೇಲೆ ಒಂದು ಹನಿ ಬೀಳುತ್ತಿರಲಿಲ್ಲ. ಆ ಸೂರಿನ ಕೆಳಗೆ ಪಾಪು ಕಣ್ಣು ಬಿಟ್ಟುಕೊಂಡು ಅಜ್ಜಿಯ ಮುಖ ನೋಡುತ್ತಿದ್ದಳು. ಅಳುತ್ತಿರಲಿಲ್ಲ. ಮಳೆಗಾಲದಲ್ಲಿ ಜಗಲಿಯಲ್ಲಿ ಕೂತು ಸೂರಿನ ನೀರು ನೋಡುತ್ತಾ ಬೆಳೆದವಳು ನಾನು. ನನಗೆ ಆ ಕೈ ನೋಡಿ ಮೈ ಜುಂ ಅಂದಿತು.

ಬೆನ್ನಿಗೆ ಮಗುಚಿ ಹಾಕುವಾಗ ಮುಖ ಒಂದು ಪಕ್ಕಕ್ಕೆ ತಿರುಗಿಸಿ, ಕೆನ್ನೆ ಕಾಲಿಗೆ ತಾಗಿಸಿ, ಮೂಗು ಹೊರಗೆ ಇದೆ ಅಂತ ನೋಡಿಕೊಂಡೇ ನೀರು. ಎಲ್ಲ ಸೇರಿ ಐದು ನಿಮಿಷ. ಜಾಸ್ತಿ ಹೊತ್ತು ನೀರಲ್ಲಿ ಇಡುತ್ತಿರಲಿಲ್ಲ. ಒರೆಸಿ ಬಿಳಿ ಪಂಚೆಯಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟರೆ ಹಾಲು ಕುಡಿದು ಮೂರು ಗಂಟೆ ನಿದ್ದೆ. ಆ ಮೂರು ಗಂಟೆ ನಾನೂ ಮಲಗುತ್ತಿದ್ದೆ. ಆ ನಿದ್ದೆ ಇಲ್ಲದಿದ್ದರೆ ನಾನು ಆ ದಿನಗಳನ್ನು ದಾಟುತ್ತಿರಲಿಲ್ಲ.

ಪಾಪುವಿನ ಪಾಳಿ ಮುಗಿದ ಮೇಲೆ ನನ್ನದು. ಹೊಲಿಗೆಯ ಗಾಯ ಒಣಗಿತ್ತು, ನೀರು ತಾಗಿದರೆ ಪರವಾಗಿಲ್ಲ, ಆದರೆ ಹೊಟ್ಟೆಗೆ ಕುದಿಯುವ ನೀರು ರಾಚಬಾರದು, ಗಾಯವನ್ನು ಉಜ್ಜದೆ ಮೆಲ್ಲಗೆ ಒತ್ತಿ ಒರೆಸಬೇಕು ಅಂತ ಹೇಳಿದ್ದರು. ಹಂಡೆಗೆ ಲಕ್ಕಿ ಸೊಪ್ಪು ಹಾಕಿ ಕುದಿಸಿದ್ದರು. ಬಚ್ಚಲು ತುಂಬ ಅದರ ಕಹಿ ಪರಿಮಳ. ಮೊದಲ ದಿನ ಸ್ಟೂಲಿನ ಮೇಲೆ ಕೂತಿದ್ದೆ. ಅಜ್ಜಿ ಹಿಂದೆ ನಿಂತು ಬೆನ್ನಿಗೆ ಒಂದು ಚೊಂಬು ಹೊಯ್ದರು. ಯಾಕೋ ಅಳು ಬಂತು. ತಡೆಯಲಿಕ್ಕೇ ಆಗಲಿಲ್ಲ. ಆ ಹನ್ನೆರಡು ದಿನದಲ್ಲಿ ಬಂದವರೆಲ್ಲ ಪಾಪುವನ್ನು ಎತ್ತಿಕೊಂಡಿದ್ದರು. ನನ್ನ ಮೈಯನ್ನು ಯಾರಾದರೂ ಮೆಲ್ಲಗೆ ಮುಟ್ಟಿದ್ದು ಅದೇ ಮೊದಲು ಅನ್ನಿಸಿತು. ಅಜ್ಜಿಗೆ ಗೊತ್ತಾಗಿರಬೇಕು. "ಬಿಸಿ ಜಾಸ್ತಿ ಆತನ?" ಅಂದರು. ಇಲ್ಲ ಅಂದೆ. ಮತ್ತೇನೂ ಕೇಳಲಿಲ್ಲ. ಹಂಡೆಯ ತಳ ಚೊಂಬಿಗೆ ತಾಗಿ ಸದ್ದಾಗುವವರೆಗೂ ಹೊಯ್ಯುತ್ತಲೇ ಇದ್ದರು.

ಬಾಣಂತಿಯರ ಮನಸ್ಸಿನ ಬಗ್ಗೆ ನಮ್ಮಲ್ಲಿ ಮಾತಾಡೋದು ಕಡಿಮೆ. ವಾರಗಟ್ಟಲೆ ಅಳು, ಬೇಜಾರು ಬಿಡದಿದ್ದರೆ ಡಾಕ್ಟರ ಹತ್ತಿರ ಹೋಗಲೇಬೇಕು. ನೀರು ಎರೆಯೋದು ಅದಕ್ಕೆ ಔಷಧಿ ಅಂತ ನಾನು ಹೇಳುವುದಿಲ್ಲ. ಆದರೆ ದಿನಕ್ಕೆ ಅರ್ಧ ಗಂಟೆ ಇನ್ನೊಬ್ಬರು ನಿಮ್ಮ ಬೆನ್ನಿಗೆ ನೀರು ಹೊಯ್ದರೆ ಏನಾಗುತ್ತದೆ ಅನ್ನೋದು ನನಗೆ ಗೊತ್ತು.

ಅಷ್ಟರಲ್ಲಿ ದೀಪಾವಳಿ ಬಂತು. ತ್ರಯೋದಶಿಯ ಸಂಜೆ ನೀರು ತುಂಬುವ ಹಬ್ಬ. ಅಮ್ಮ ಹಂಡೆಯನ್ನು ಹುಣಸೆಹಣ್ಣು ಹಾಕಿ ಕೆಂಪಗೆ ಹೊಳೆಯುವ ಹಾಗೆ ತಿಕ್ಕಿದರು. ಅಂಚಿಗೆ ಸುಣ್ಣ, ಕೆಮ್ಮಣ್ಣಿನ ಗೆರೆ. ಕೊರಳಿಗೆ ಹಿಂಡ್ಲೆಕಾಯಿ ಬಳ್ಳಿ, ಚೆಂಡು ಹೂವು. ಬಾವಿಯಿಂದ ಹೊಸ ನೀರು ಸೇದಿ ತುಂಬಿದರು. ಮರುದಿನ ಚತುರ್ದಶಿಯ ನಸುಕಿಗೆ ಮನೆಯವರೆಲ್ಲ ಎಣ್ಣೆ ಹಚ್ಚಿಕೊಂಡು ಮೀಯಬೇಕು. ಅಜ್ಜಿ ಟಾರ್ಚು ಹಿಡಿದುಕೊಂಡು ಐದು ಗಂಟೆಗೇ ಬಂದಿದ್ದರು. ಆದರೆ ಚಳಿ ನೋಡಿ, "ಕೂಸಿಗೆ ಬಿಸಿಲು ಬಂದ ಮೇಲೆ. ಹಬ್ಬ ಎಲ್ಲೂ ಓಡಿಹೋಗಲ್ಲ" ಅಂದುಬಿಟ್ಟರು.

ನಲವತ್ತೈದು ದಿನ ಕಳೆದ ಮೇಲೆ ಡಾಕ್ಟರು ನನ್ನನ್ನು ನೋಡಿ ನೆಲದಲ್ಲಿ ಕೂರಬಹುದು ಅಂದರು. ಅಜ್ಜಿ ಅದಕ್ಕೇ ಕಾಯುತ್ತಿದ್ದರು. ಅವರ ಮಂಡಿ ಅಷ್ಟು ಹೊತ್ತಿಗೆ ಊದಿಕೊಂಡಿತ್ತು. ಎದ್ದೇಳುವಾಗ ಹಂಡೆಯ ಕಟ್ಟೆ ಹಿಡಿದುಕೊಳ್ಳುತ್ತಿದ್ದರು. ಆದರೂ ಒಂದು ದಿನ ತಪ್ಪಿಸಿರಲಿಲ್ಲ.

ಮೊದಲ ಪಾಠಕ್ಕೆ ಪಾಪು ಇರಲಿಲ್ಲ. ಅಡಿಗೆಮನೆಯಿಂದ ಒಂದು ದೊಡ್ಡ ಮೊಗೆಕಾಯಿ ತರಿಸಿ ಎಣ್ಣೆ ಹಚ್ಚಿ ನನ್ನ ಕಾಲ ಮೇಲೆ ಇಟ್ಟರು. ಕಾಲು ಸಡಿಲ ಬಿಟ್ಟರೆ ಮೊಗೆಕಾಯಿ ಕೆಳಗೆ ಇಳಿಯುತ್ತದೆ. ಬಿಗಿ ಮಾಡಿದರೆ ಮೇಲೆ ಬಂದು ಉರುಳುತ್ತದೆ. ಹಿಮ್ಮಡಿ ಕೂಡಿಸಿ, ಮಂಡಿ ಒಂದು ಬೆರಳಷ್ಟು ದೂರ ಇಟ್ಟರೆ ಸರಿಯಾಗಿ ಕೂರುತ್ತದೆ. "ಕಾಲಿಗೆ ತೂಕ ಗೊತ್ತಾಗ್ಲಿ. ಕಣ್ಣಲ್ಲಿ ಹಿಡಿಬೇಡ, ಕಾಲಲ್ಲಿ ಹಿಡಿ" ಅಂದರು. ಎರಡು ದಿನ ಮೊಗೆಕಾಯಿಗೆ ಎರೆದೆ. ಅಂಗೈಯ ಸೂರು ಮಾಡುವುದನ್ನು ಅಮ್ಮನ ಹಣೆಯ ಮೇಲೆ ಕಲಿತೆ. ಅಮ್ಮ ಮಣೆಯ ಮೇಲೆ ಕಣ್ಣು ಮುಚ್ಚಿ ಕೂತಿದ್ದರು, ಅಜ್ಜಿ ನೀರು ಹೊಯ್ದರು. ಮೊದಲ ಸಲ ಅಮ್ಮನ ಮುಖವೆಲ್ಲ ನೀರು. ನಾಲ್ಕನೇ ಸಲಕ್ಕೆ ಹುಬ್ಬಿನ ಕೆಳಗೆ ಒಣಗಿತ್ತು.

ಮೂರನೇ ದಿನ ಮಗಳು ನನ್ನ ಕಾಲ ಮೇಲೆ ಬಂದಳು. ಅವಳ ಬೆನ್ನು ನನ್ನ ಕಾಲಿನ ಹಳ್ಳಕ್ಕೆ ಕೂತ ತೂಕ ಈಗಲೂ ನೆನಪಿದೆ. ಅಜ್ಜಿ ಪಕ್ಕದಲ್ಲಿ ಸ್ಟೂಲಿನ ಮೇಲೆ ಕೂತಿದ್ದರು. ಕೈ ಮುಂದೆ ಚಾಚಲಿಲ್ಲ. ನನ್ನ ಬೆರಳು ನಡುಗುವುದು ಕಂಡರೂ ಸುಮ್ನೆ ಕೂತಿದ್ದರು. ಅಮ್ಮ ಪಾದಕ್ಕೆ ನೀರು ಹೊಯ್ದರು. ಮಗಳು ಕಾಲು ಝಾಡಿಸಿದಳು. ನಾನು ಕಣ್ಣು ಮುಚ್ಚಿದೆ. ಕಾಲಿಗೆ ತೂಕ ಗೊತ್ತಾಯಿತು.

ಮೂರು ತಿಂಗಳು ತುಂಬಿ ಹೊರಡುವ ದಿನ ಅಜ್ಜಿಗೆ ಸೀರೆ, ಎಲೆ ಅಡಿಕೆ, ತೆಂಗಿನಕಾಯಿ, ದುಡ್ಡು ಇಟ್ಟು ಕೊಟ್ಟೆವು. ಕಾಲು ಮುಟ್ಟಿ ನಮಸ್ಕಾರ ಮಾಡುವಾಗ ಆ ಊದಿದ ಮಂಡಿಯನ್ನೂ ಮುಟ್ಟಿದೆ. ಈ ಕೈಗಳ ಕೆಲಸ ಯಾವ ಪುಸ್ತಕದಲ್ಲೂ ಇಲ್ಲ. ಇಂಥ ಅಜ್ಜಿಯರು ಇನ್ನೂ ಇರುವ ಊರಲ್ಲಿ ಬಾಣಂತನ ಮಾಡಿಸಿಕೊಳ್ಳುವವರು ದಯವಿಟ್ಟು ಕುರ್ಚಿ ಹಾಕಿಕೊಂಡು ಕೂತು ನೋಡಿ. ಡಾಕ್ಟರ ಚೀಟಿ ಕೈಯಲ್ಲಿರಲಿ. ಕಣ್ಣು ಮಾತ್ರ ಆ ಕೈಗಳ ಮೇಲಿರಲಿ.

ಬೆಂಗಳೂರಿನ ಮನೆಯ ಬಾತ್‌ರೂಮು ಉದ್ದ ಏಳು ಅಡಿ, ಅಗಲ ಐದು. ಕಮೋಡ್ ಇರುವ ಜಾಗ ಬಿಟ್ಟರೆ ನಾನು ಕಾಲು ಚಾಚಿದರೆ ಪಾದ ಎದುರು ಗೋಡೆಗೆ ತಾಗುತ್ತದೆ. ಪಾದಕ್ಕೆ ಆಧಾರ ಸಿಕ್ಕಿದ್ದು ಒಳ್ಳೆಯದೇ ಆಯಿತು. ಊರಿಂದ ಮಣೆ ತಂದಿದ್ದೆ. ನುಣ್ಣನೆ ಟೈಲ್ಸಿಗೆ ರಬ್ಬರ್ ಮ್ಯಾಟ್ ಹಾಸಿದೆವು. ಗೀಸರ್ ನೀರು ತುಂಬಾ ಬಿಸಿ ಬರುತ್ತದೆ, ಹಾಗಾಗಿ ಬಕೆಟ್‌ಗೆ ಮೊದಲು ತಣ್ಣೀರು, ಆಮೇಲೆ ಬಿಸಿನೀರು, ಆಮೇಲೆ ಮೊಣಕೈ. ಪಾಪುವನ್ನು ಕಾಲ ಮೇಲೆ ಮಲಗಿಸಿದ ಮೇಲೆ ನಲ್ಲಿ ತಿರುಗಿಸುವುದೇ ಇಲ್ಲ. ಚೊಂಬು ಹಿಡಿಯುವುದು ನನ್ನ ಗಂಡ. ಮೊದಲ ವಾರ ಎದೆಗೆ ನೇರ ಸುರಿದುಬಿಡುತ್ತಿದ್ದರು. ಈಗ ಪಾದದಿಂದ ಶುರು ಮಾಡುತ್ತಾರೆ, ಸಣ್ಣ ಧಾರೆ. ಆಫೀಸಿಗೆ ತಡವಾದರೂ ಅದನ್ನು ಬಿಡುವುದಿಲ್ಲ.

ಏಳನೇ ತಿಂಗಳಲ್ಲಿ ಮಗಳು ಕೂರಲು ಶುರು ಮಾಡಿದ ಮೇಲೆ ನೀಲಿ ಟಬ್ ಹೊರಗೆ ಬಂತು. ಅಜ್ಜಿ ಹೇಳಿದ್ದು ಸರಿ ಇತ್ತು. ಎಣ್ಣೆ ಇಲ್ಲದ ದಿನ, ನಾಲ್ಕು ಬೆರಳು ನೀರು ಹಾಕಿ ಕೂರಿಸಿದರೆ ಅಂಗೈಯಿಂದ ನೀರು ಬಡಿದು ಆಡುತ್ತಾಳೆ. ಆಗಲೂ ನನ್ನ ಕೈ ಅವಳ ಬೆನ್ನ ಹಿಂದೆಯೇ ಇರುತ್ತದೆ. ಅಷ್ಟು ನೀರಿನಲ್ಲೂ ಮಗು ಮುಳುಗಬಹುದು. ಬಾಗಿಲು ಬಡಿದರೂ ಫೋನ್ ಬಂದರೂ ಒಬ್ಬಳನ್ನೇ ಬಿಟ್ಟು ಏಳುವುದಿಲ್ಲ. ಎದ್ದರೆ ಅವಳನ್ನು ಎತ್ತಿಕೊಂಡೇ.

ಕಳೆದ ವಾರ ಅಜ್ಜಿಗೆ ವಿಡಿಯೋ ಕಾಲ್ ಮಾಡಿದ್ದೆ. ಅವರ ಮೊಮ್ಮಗ ಫೋನ್ ಹಿಡಿದಿದ್ದ. ಮಗಳ ಎರಡು ಹಲ್ಲು ತೋರಿಸಿದೆ. ಅವಳು ಟಬ್‌ನಲ್ಲಿ ಕೂತಿರುವ ಫೋಟೋ ತೋರಿಸಿದೆ. ಅಜ್ಜಿ ಎಲ್ಲ ನೋಡಿದರು, ನಕ್ಕರು. ಆಮೇಲೆ ಫೋನಿಗೆ ಹತ್ತಿರ ಬಂದು ಒಂದೇ ಮಾತು ಕೇಳಿದರು.

"ಕುತ್ತಿಗೆ ಮಡಿಕೆ ಬಿಡಿಸಿ ಒರೆಸ್ತೀಯನ?"

ಹೌದು ಅಜ್ಜಿ ಅಂದೆ. ಫೋನ್ ಇಟ್ಟು, ಮಲಗಿದ್ದ ಮಗಳ ಗಲ್ಲವನ್ನು ಬೆರಳಿಂದ ಮೆಲ್ಲಗೆ ಎತ್ತಿ ನೋಡಿದೆ. ಮಡಿಕೆಯೊಳಗೆ ಟವೆಲಿನ ಒಂದು ಎಳೆ ನೂಲು ಒದ್ದೆಯಾಗಿ ಅಂಟಿಕೊಂಡಿತ್ತು.